ನಿದ್ದೆ ಕುಡಿಯುವ ಬೆಕ್ಕುಗಳೂ ಲಾವಂಚದ ಚಾಪೆಯೂ

ಬಹಳ ಹಿಂದೆ, ಹೊತ್ತನ್ನು ನೆರಳು ನೋಡಿ ಹೇಳುತ್ತಿದ್ದ ಕಾಲದಲ್ಲಿ, ಸಿರಿವೊಳಲು ಎಂಬ ಒಂದು ರಾಜ್ಯವಿತ್ತು. ಆ ರಾಜ್ಯದಲ್ಲಿ ಏಳು ವರ್ಷಗಳಿಂದ ಯಾರೂ ನಿದ್ದೆ ಮಾಡಿರಲಿಲ್ಲ. ಅರಸನಿಗೆ ನಿದ್ದೆಯಿಲ್ಲ, ಅಗಸನಿಗೆ ನಿದ್ದೆಯಿಲ್ಲ, ತೊಟ್ಟಿಲ ಕೂಸಿಗೂ ನಿದ್ದೆಯಿಲ್ಲ. ಜೋಗುಳ ಹಾಡಿ ಹಾಡಿ ತಾಯಂದಿರ ಗಂಟಲು ಬಿದ್ದುಹೋಗಿತ್ತು. ಜಗಳ ಕಾಯುವುದಕ್ಕೂ ತ್ರಾಣವಿಲ್ಲದೆ ಅತ್ತೆಸೊಸೆಯರು ಒಂದೇ ಗೋಡೆಗೆ ಒರಗಿ ಕೂತಿರುತ್ತಿದ್ದರು. ನೆರೆಯ ರಾಜ್ಯದವರು ಇದನ್ನು ನೋಡಿ ಎಂಥ ಸಾಮರಸ್ಯ ಎಂದು ಹೊಗಳಿ ಹೋಗುತ್ತಿದ್ದರಂತೆ.

ಇದೆಲ್ಲ ಝಳಕಾಂತನೆಂಬ ಮಾಂತ್ರಿಕನ ಕೆಲಸ. ಊರಿನ ಪಡುವಣ ಗುಡ್ಡದ ಮೇಲೆ ಅವನ ಗಾಜಿನ ಕೋಟೆ ಇತ್ತು. ಕೋಟೆ ದಿನವಿಡೀ ಬಿಸಿಲು ಹಿಡಿದು, ಅದನ್ನು ಬೆಕ್ಕುಗಳಾಗಿ ಮಾಡಿ ಊರಿಗೆ ಬಿಡುತ್ತಿತ್ತು. ಬೆಳಕಿನ ಬೆಕ್ಕುಗಳು. ಅವು ಸೂರ್ಯನ ಜತೆಗೇ ನಡೆದು, ಬೆಳಿಗ್ಗೆ ಮೂಡಣ ಕಿಟಕಿಯಿಂದ, ನಡುಹಗಲು ತೆಂಕಣ ಕಿಟಕಿಯಿಂದ, ಇಳಿಹೊತ್ತಿಗೆ ಪಡುವಣ ಕಿಟಕಿಯಿಂದ ಮನೆಯೊಳಗೆ ಜಿಗಿಯುತ್ತಿದ್ದವು. ಒಳಗೆ ಬಂದದ್ದೇ ಜನರ ಎದೆಯ ಮೇಲೆ ಕೂತು, ರೆಪ್ಪೆಯನ್ನು ಬಿಸಿ ನಾಲಿಗೆಯಿಂದ ನೆಕ್ಕಿ, ಒಳಗಿದ್ದ ನಿದ್ದೆಯನ್ನು ಹಾಲಿನಂತೆ ಕುಡಿದುಬಿಡುತ್ತಿದ್ದವು. ಹೊತ್ತು ಮುಳುಗಿದರೂ ಅವು ಹೊರಡುತ್ತಿರಲಿಲ್ಲ. ಗೋಡೆಯೊಳಗೆ ಇಳಿದು ಇರುಳೆಲ್ಲ ಬೆಚ್ಚಗೆ ಗುರುಗುಟ್ಟುತ್ತಿದ್ದವು. ಬೆಳಗಾದ ಮೇಲೆ ಕುಡಿದದ್ದನ್ನೆಲ್ಲ ಕೋಟೆಗೆ ಒಯ್ದು ಒಡೆಯನಿಗೆ ಒಪ್ಪಿಸುತ್ತಿದ್ದವು. ಮೊದಲು ಬೇರೆ ಬೇರೆ ಊರುಗಳ ನಿದ್ದೆ ಕುಡಿದಿದ್ದ ಝಳಕಾಂತ ಈಗ ಈ ಊರಿನ ನಿದ್ದೆಯನ್ನೆಲ್ಲ ಒಬ್ಬನೇ ಕುಡಿದು ಸಾವಿರ ವರ್ಷಕ್ಕೂ ಮುಪ್ಪಾಗದೆ ಇದ್ದ.

ನಿದ್ದೆ ಪೂರ್ತಿ ಬತ್ತಿದವರು ಗಾಜಾಗುತ್ತಿದ್ದರು. ಮೊದಲು ಬೆರಳು, ಆಮೇಲೆ ಕೈಕಾಲು, ಆಮೇಲೆ ಕತ್ತು. ಕಣ್ಣೂ ಗಾಜಾದ ದಿನ ಝಳಕಾಂತನ ಆಳುಗಳು ಬಂದು, ಅವರನ್ನು ಜೋಪಾನವಾಗಿ ಹೊತ್ತೊಯ್ದು ಕೋಟೆಯ ಕಿಟಕಿಗೆ ಜೋಡಿಸುತ್ತಿದ್ದರು. ಕೋಟೆ ಹಾಗೆ ಬೆಳೆಯುತ್ತಿತ್ತು, ಬೆಕ್ಕುಗಳೂ ಹೆಚ್ಚುತ್ತಿದ್ದವು.

ಜನ ಸುಮ್ಮನೆ ಕೂತಿರಲಿಲ್ಲ. ಕಿಟಕಿ ಮುಚ್ಚಿದರು, ಉಸಿರು ಕಟ್ಟಿ ಮತ್ತೆ ತೆರೆದರು. ಕಿಟಕಿಯ ಒಳಗಡೆ ಪರದೆ ಕಟ್ಟಿದರು, ಕಂಬಳಿ ಕಟ್ಟಿದರು. ಅರಮನೆಯಲ್ಲಿ ರೇಷ್ಮೆಯ ಏಳು ತೆರೆ ಕಟ್ಟಿದರು. ಕಣ್ಣಿಗೆ ಹೊಡೆಯುವ ಬೆಳಕು ಕಡಿಮೆಯಾಯಿತು, ಅಷ್ಟೆ. ಪರದೆ ಮುಟ್ಟುವ ಹೊತ್ತಿಗೆ ಬೆಕ್ಕು ಕಿಟಕಿ ದಾಟಿ ಆಗಿರುತ್ತಿತ್ತು. ಪರದೆಯ ಹಿಂದೆ ಮೈ ಕಾಯಿಸಿಕೊಂಡು ಕೂತು, ಅಂಚಿನಿಂದ ನುಸುಳಿ ಬರುತ್ತಿತ್ತು. ಹೊರಗಡೆ ಕಟ್ಟಿ ನೋಡೋಣವೆಂದು ಒಬ್ಬರೂ ಹೇಳಲಿಲ್ಲ. ಯಾಕೆಂದರೆ ಸಿರಿವೊಳಲಿನಲ್ಲಿ ಕಿಟಕಿಯ ಹೊರಗೆ ಚಾಪೆ ತೂಗಿದರೆ ಆ ಮನೆಯಲ್ಲಿ ಸಾವಾಗಿದೆ ಎಂದು ಅರ್ಥ. ಸತ್ತವರ ಮನೆಗೆ ಲಾವಂಚದ ಬೇರಿನ ಚಾಪೆ ಕಟ್ಟಿ, ಹೋದ ಜೀವಕ್ಕೆ ಬಾಯಾರಿಕೆ ಆಗಬಾರದೆಂದು ದಿನಕ್ಕೆ ಮೂರು ಸಲ ಅದಕ್ಕೆ ನೀರು ಚಿಮುಕಿಸುತ್ತಿದ್ದರು. ಹನ್ನೊಂದು ದಿನ ಕಳೆದ ಮೇಲೆ ಚಾಪೆಯನ್ನು ಹೊಳೆಗೆ ಬಿಡುತ್ತಿದ್ದರು. ಬದುಕಿರುವವರ ಕಿಟಕಿಗೆ ಅದನ್ನು ಕಟ್ಟಿದರೆ ಸಾವನ್ನು ಕರೆದ ಹಾಗೆ ಎಂದು ಎಲ್ಲರಿಗೂ ಭಯ. ಈ ಭಯ ಇರುವ ತನಕ ಝಳಕಾಂತ ತನ್ನ ಕೋಟೆಗೆ ಕಾವಲು ಕೂಡ ಇಡಬೇಕಾಗಿರಲಿಲ್ಲ.

ಆ ಸಾವಿನ ಚಾಪೆ ಹೆಣೆಯುವವಳೇ ಸಣ್ಣೀರಿ. ಅವಳಿಗೂ ಅವಳ ಅಕ್ಕ ದುಗ್ಗಮ್ಮನಿಗೂ ಅದೇ ಕಸುಬು. ತಂದೆತಾಯಿ ಇಲ್ಲದ ಸಣ್ಣೀರಿಯನ್ನು ದುಗ್ಗಮ್ಮನೇ ಎತ್ತಿ ಆಡಿಸಿ, ಮೊದಲ ಗಂಟು ಹಾಕಲು ಬೆರಳು ಹಿಡಿದು ಕಲಿಸಿದ್ದಳು. ಈಗ ಆ ಅಕ್ಕನ ಬೆರಳು ಹತ್ತೂ ಗಾಜಾಗಿದ್ದವು. ಅವುಗಳ ಮೂಲಕ ಆಚೆಯ ಗೋಡೆ ಕಾಣುತ್ತಿತ್ತು.

"ನೋವಾಯ್ತದಾ ಅಕ್ಕ?" ಎಂದು ಸಣ್ಣೀರಿ ಕೇಳಿದಳು.

"ನೋವಿಲ್ಲ ಕಣೆ. ಸುಸ್ತು. ಸುಸ್ತು ಬಿಟ್ಟು ಬೇರೆ ಏನೂ ಗೊತ್ತಾಗಕಿಲ್ಲ," ಎಂದಳು ದುಗ್ಗಮ್ಮ. "ನೀ ಹೆಣಿ. ನನ್ನ ನೋಡ್ತಾ ಕೂತ್ರೆ ಹೆಣಿಗೆ ತಪ್ತದೆ."

ಸಣ್ಣೀರಿಗೆ ಅಳು ಬರಬೇಕಿತ್ತು. ಆದರೆ ಅಳುವುದಕ್ಕೂ ಮೈಯಲ್ಲಿ ಶಕ್ತಿ ಬೇಕಲ್ಲ, ಅವಳಲ್ಲಿ ಅದಿರಲಿಲ್ಲ. ಅಕ್ಕನಿಗೆ ಒಂದೇ ಒಂದು ಜೊಂಪು ಹತ್ತಿದರೂ ಸಾಕು, ಗಾಜು ಮತ್ತೆ ಮೈಯಾದೀತು ಎಂದು ಅವಳಿಗೆ ಅನ್ನಿಸುತ್ತಿತ್ತು. ಆ ಒಂದು ಜೊಂಪನ್ನು ಎಲ್ಲಿಂದ ತರುವುದೆಂದು ಮಾತ್ರ ತಿಳಿಯಲಿಲ್ಲ.

ಹೀಗಿರುವಾಗ ಎದುರುಮನೆಯ ತಿಬ್ಬಜ್ಜಿಯ ಗಂಡ ತೀರಿಕೊಂಡ. ಸಣ್ಣೀರಿ ಚಾಪೆ ಹೆಣೆದು ಆ ಮನೆಗಿದ್ದ ಒಂದೇ ಕಿಟಕಿಗೆ ಕಟ್ಟಿ ಬಂದಳು. ನಾಲ್ಕು ದಿನ ಕಳೆಯುವುದರೊಳಗೆ ಬೀದಿಯಲ್ಲಿ ಗುಸುಗುಸು ಶುರುವಾಯಿತು. ಮನೆಯ ಯಜಮಾನ ಹೋಗಿದ್ದಾನೆ, ಆ ಮನೆಯವರು ಗೊರಕೆ ಹೊಡೆಯುತ್ತಾರಂತೆ, ನಾಚಿಕೆ ಬೇಡವೇ ಎಂದು ಜನ ಆಡಿಕೊಂಡರು. ಗೊರಕೆ ಹೇಗೆ ಬಂತು ಎಂದು ಮಾತ್ರ ಯಾರೂ ಕೇಳಲಿಲ್ಲ. ಹಿಂದೆ ಸಾವಾದ ಮನೆಗಳವರೂ ಹೀಗೇ ಮಲಗಿದ್ದರೇನೋ, ನಾಚಿಕೆಗೆ ಯಾರೂ ಬಾಯಿ ಬಿಟ್ಟಿರಲಿಲ್ಲ. ನಿದ್ದೆಗೆಟ್ಟವರಿಗೆ ಸಿಟ್ಟು ಬೇಗ ಬರುತ್ತದೆ, ಯೋಚನೆ ನಿಧಾನವಾಗಿ ಬರುತ್ತದೆ.

ಬೇರೆ ಮನೆಗಳಲ್ಲಿ ಮನೆಯವರೇ ಚಾಪೆ ಬಿಚ್ಚುತ್ತಿದ್ದರು, ಇಲ್ಲಿ ಯಾರೂ ಬಿಚ್ಚದ್ದನ್ನು ಕಂಡು ಹನ್ನೊಂದನೆಯ ದಿನ ಇಳಿಹೊತ್ತಿನಲ್ಲಿ ಸಣ್ಣೀರಿ ತಾನೇ ಬಿಚ್ಚಲು ಹೋದಳು. ಹೊಸ್ತಿಲು ದಾಟಿದರೆ ಒಳಗೆ ತಂಪು. ಒದ್ದೆ ಬೇರಿನ ವಾಸನೆ. ಒಂದು ಬೆಕ್ಕೂ ಇಲ್ಲ. ತಿಬ್ಬಜ್ಜಿ ನಡುಮನೆಯಲ್ಲಿ ಬಾಯಿ ತೆರೆದು ಮಲಗಿದ್ದಳು. ಸಣ್ಣೀರಿ ಬಾಗಿಲ ಚೌಕಟ್ಟಿಗೆ ಒರಗಿದವಳೇ ಒಂದು ಗಳಿಗೆ ಕಣ್ಣು ಮುಚ್ಚಿದಳು. ಏಳು ವರ್ಷಗಳಲ್ಲಿ ಅದೇ ಮೊದಲು. ಎಚ್ಚರವಾದಾಗ ಅವಳ ಕೆನ್ನೆ ಒದ್ದೆಯಾಗಿತ್ತು. ಹೊರಗೆ ಬಂದು ನೋಡಿದಳು. ಒಂದು ಬೆಳಕಿನ ಬೆಕ್ಕು ಕಿಟಕಿಗೆ ಹಾರಿತು, ಒದ್ದೆ ಚಾಪೆಗೆ ಪಂಜ ತಾಕಿದ ಕೂಡಲೇ ಪಂಜ ಕೊಡವಿ ಹಿಂದಕ್ಕೆ ಹೋಯಿತು. ಮಂತ್ರದ ಬೆಕ್ಕಾದರೇನು, ಬೆಕ್ಕು ಬೆಕ್ಕೇ. ಅದಕ್ಕೆ ನೀರು ಕಂಡರೆ ಆಗುವುದಿಲ್ಲ.

ಸಣ್ಣೀರಿ ಆ ಚಾಪೆಯನ್ನು ಹೊಳೆಗೆ ಬಿಡಲಿಲ್ಲ. ನೇರ ಮನೆಗೆ ತಂದು, ಅಕ್ಕ ಮಲಗುವ ಕೋಣೆಯ ಕಿಟಕಿಗೆ, ಹೊರಗಡೆಯಿಂದ ಕಟ್ಟಿದಳು.

ಎರಡು ಗಂಟು ಬಿಗಿಯುವುದರೊಳಗೆ ಬೀದಿ ಸೇರಿತು. "ಬದುಕಿರೋ ಅಕ್ಕನ್ನೇ ಸಾಯ್ಸಿಬುಟ್ಯಲ್ಲೇ," ಎಂದರು. ಚಾಪೆ ಕಿತ್ತು ಬಿಸಾಡಿ, ಸಣ್ಣೀರಿಯನ್ನು ಅರಸನ ಬಳಿಗೆ ಎಳೆದುಕೊಂಡು ಹೋದರು. ದಾರಿಯಲ್ಲಿ ಸುಸ್ತಾಗಿ ಮೂರು ಕಡೆ ಕೂತರು. ಆಗ ಅವಳೂ ಅವರ ಜತೆ ಕೂತಳು. ಆಮೇಲೆ ಎದ್ದು ಮತ್ತೆ ಎಳೆದರು.

ಅರಸ ಸೋವರಸ ಕೆಟ್ಟವನಲ್ಲ, ದಣಿದವನು. ಕಿರೀಟ ಭಾರವೆಂದು ಅದನ್ನು ಬಿಚ್ಚಿ ತೊಡೆಯ ಮೇಲೆ ಇಟ್ಟುಕೊಂಡಿದ್ದ. ಸಣ್ಣೀರಿ ಕಂಡದ್ದನ್ನೆಲ್ಲ ಹೇಳಿದಳು. ಅರಸ ಬಾಯಿ ತೆರೆಯುವುದರೊಳಗೆ ಸಭೆಯ ನಡುವೆ ಕಣ್ಣು ಕೋರೈಸುವ ಬೆಳಕೊಂದು ಬಿತ್ತು. ಅದರೊಳಗಿಂದ ಝಳಕಾಂತನೇ ಇಳಿದು ಬಂದ. ಅವನ ಮುಖ ಚೆನ್ನಾಗಿ ನಿದ್ದೆ ಮಾಡಿದವನ ಮುಖ. ಅದನ್ನು ನೋಡಿಯೇ ಜನರಿಗೆ ಹೊಟ್ಟೆ ಉರಿಯಿತು.

"ಚಾಪೆಯವಳೇ, ಪಂದ್ಯ ಕಟ್ಟೋಣ," ಎಂದ ಝಳಕಾಂತ. "ಮೂರು ದಿನ, ಅರಮನೆಯ ಮೂರು ಕಿಟಕಿ. ನನ್ನ ಬೆಕ್ಕು ಒಳಗೆ ಬರದಂತೆ ನೀನು ತಡೆದರೆ ನನ್ನ ಸೋಲು, ಊರಿನ ನಿದ್ದೆ ಊರಿಗೆ. ಕಿಟಕಿ ಮುಚ್ಚಬಾರದು, ಗಾಳಿ ಆಡಬೇಕು. ಒಂದೇ ಒಂದು ಬೆಕ್ಕು ಒಳಗೆ ಬಂದರೂ ನೀನೂ ನಿನ್ನ ಅಕ್ಕನೂ ನನ್ನ ಕೋಟೆಯ ಗಾಜು. ಪಂದ್ಯ ಸರಿಯಾಗಿರಲಿ ಅಂತ ನಿನ್ನ ಅಕ್ಕನನ್ನು ಆ ಕಿಟಕಿಗಳ ಕೆಳಗೇ ಮಲಗಿಸು."

ಸಣ್ಣೀರಿ ತನ್ನ ಹಿಂದೆಯೇ ಅರಮನೆಗೆ ಬಂದಿದ್ದ ಅಕ್ಕನ ಮುಖ ನೋಡಿದಳು. ದುಗ್ಗಮ್ಮನಿಗೆ ಮೊಣಕೈವರೆಗೂ ಗಾಜಾಗಿತ್ತು.

"ಹೂಂ ಅನ್ನು," ಎಂದಳು ದುಗ್ಗಮ್ಮ. "ಇಲ್ದಿದ್ರೂ ಅಲ್ಲಿಗೇ ಹೋಗೋದು ತಾನೆ."

ಮೊದಲನೆಯ ದಿನ ಮೂಡಣ ಕಿಟಕಿ. ಸಣ್ಣೀರಿ ಹೊತ್ತು ಹುಟ್ಟುವ ಮೊದಲೇ ಚಾಪೆ ಕಟ್ಟಿ ನೀರು ಚಿಮುಕಿಸಿದಳು. ಬೆಳಗಿನ ಬೆಕ್ಕು ಇನ್ನೂ ಎಳೆಯದು. ನಾಲ್ಕು ಸಲ ಹಾರಿತು, ನಾಲ್ಕು ಸಲ ಪಂಜ ಕೊಡವಿತು. ಹೊತ್ತು ನೆತ್ತಿಗೇರುವ ಮುಂಚೆ ಬಾಲ ಮಡಚಿಕೊಂಡು ಹೋಯಿತು. ಸಣ್ಣೀರಿ ಗೆದ್ದಳು. ದುಗ್ಗಮ್ಮನಿಗೆ ಮಾತ್ರ ಜೊಂಪು ಹತ್ತಲಿಲ್ಲ, ಪಂದ್ಯಕ್ಕೆ ಸೇರದ ಉಳಿದ ಕಿಟಕಿಗಳಿಂದ ಬಂದ ಬೆಕ್ಕುಗಳು ಅರಮನೆಯ ಗೋಡೆಗಳಲ್ಲಿ ಇನ್ನೂ ಗುರುಗುಟ್ಟುತ್ತಿದ್ದವು. ಗಾಜು ಭುಜಕ್ಕೆ ಏರಿತು.

ಎರಡನೆಯ ದಿನ ಅಡುಗೆಮನೆಯ ತೆಂಕಣ ಕಿಟಕಿ. ಸಣ್ಣೀರಿ ಅಲ್ಲಿಗೂ ಚಾಪೆ ಇಳಿಬಿಟ್ಟಳು. ಗಳಿಗೆಯೊಳಗೆ ಅಡುಗೆಮನೆ ಹೊಗೆಯಿಂದ ತುಂಬಿ ಬಾಣಸಿಗರು ಕೆಮ್ಮಿ ಕೆಮ್ಮಿ ಹೊರಗೆ ಬಂದರು. ಗಾಳಿ ಆಡಬೇಕೆಂಬುದು ಪಂದ್ಯದ ಮಾತು. ಸಣ್ಣೀರಿ ಚಾಪೆ ಬಿಚ್ಚಿದಳು. ನೆತ್ತಿಯ ಮೇಲೆ ನಡುಹಗಲಿನ ಬೆಕ್ಕು ಮೈ ಮುದುರಿ ನೆಗೆಯಲು ಸಿದ್ಧವಾಗುತ್ತಿತ್ತು. ಏನು ಮಾಡಲೂ ತೋಚದೆ ಅವಳು ಅಂಗಳದಲ್ಲಿ ನಿಂತುಬಿಟ್ಟಳು. ಎದುರಿಗೆ ಮುದಿ ಬಾಣಸಿಗನೊಬ್ಬ ಹುಬ್ಬಿನ ಮೇಲೆ ಅಂಗೈ ಅಡ್ಡ ಹಿಡಿದುಕೊಂಡು ಮೇಲೆ ನೋಡುತ್ತಿದ್ದ. ಅವನ ಕಣ್ಣಿನ ಮೇಲೆ ನೆರಳಿತ್ತು, ಕಣ್ಣು ತೆರೆದೂ ಇತ್ತು.

ಅಷ್ಟು ಸಾಕಾಯಿತು. ಸಣ್ಣೀರಿ ಕಿಟಕಿಯ ಮೇಲುಗಡೆ ಎರಡು ಬಿದಿರು ಚಾಚಿ, ಅದರ ಮೇಲೆ ಚಾಪೆ ಹಾಸಿ, ಕಿಟಕಿಗೊಂದು ಅಂಗೈ ಮಾಡಿದಳು. ನಡುಹಗಲಿನ ಬೆಕ್ಕು ಮೇಲಿನಿಂದ ಧುಮುಕಿತು, ಒದ್ದೆ ಚಾಪೆಯ ಮೇಲೆ ಬಿತ್ತು, ಜಾರಿ ಅಂಗಳಕ್ಕೆ ಉರುಳಿತು. ಕೆಳಗಿನಿಂದ ಹೊಗೆ ಆರಾಮವಾಗಿ ಹೊರಗೆ ಹೋಯಿತು. ಸಣ್ಣೀರಿ ಎರಡನೆಯ ಸಲವೂ ಗೆದ್ದಳು. ಗೆದ್ದ ಖುಷಿ ಯಾರಿಗೂ ಆಗಲಿಲ್ಲ, ಎಲ್ಲರೂ ಅಷ್ಟು ಸೋತಿದ್ದರು. ಗಾಜು ದುಗ್ಗಮ್ಮನ ಕತ್ತಿನ ಬುಡಕ್ಕೆ ಬಂದಿತ್ತು.

ಮೂರನೆಯ ದಿನ ಸಿಂಹಾಸನದ ಹಜಾರದ ಪಡುವಣ ಕಿಟಕಿ. ಅದು ಆನೆ ನುಗ್ಗುವಷ್ಟು ಅಗಲ, ನೇರ ಗಾಜಿನ ಕೋಟೆಗೆ ಎದುರು. ಇಳಿಬಿಸಿಲು ಅಡ್ಡಡ್ಡ ಬರುವುದರಿಂದ ಇಲ್ಲಿ ಅಂಗೈ ಹಿಡಿದರೆ ನಡೆಯುವುದಿಲ್ಲ, ಮೇಲಿನಿಂದ ಕೆಳಗಿನ ತನಕ ಚಾಪೆಯೇ ಇಳಿಯಬೇಕು. ಕಣ್ಣು ಬಿಟ್ಟು ಸಡಿಲವಾಗಿ ಹೆಣೆದರೆ ಗಾಳಿಗೂ ಅಡ್ಡಿಯಿಲ್ಲ. ಸಣ್ಣೀರಿ ಇರುವ ಲಾವಂಚವನ್ನೆಲ್ಲ ಹಾಗೆ ಹೆಣೆದು, ಏಣಿ ಹತ್ತಿ ಕಟ್ಟಿದಳು.

ಝಳಕಾಂತ ಆ ದಿನ ಒಂದು ಕೆಲಸ ಮಾಡಿದ. ಊರಿನ ಮನೆಮನೆಯಿಂದ, ಗೋಡೆಗೋಡೆಯಿಂದ ತನ್ನ ಬೆಕ್ಕುಗಳನ್ನೆಲ್ಲ ಹಿಂದಕ್ಕೆ ಕರೆದು, ಎಲ್ಲವನ್ನೂ ಕಲೆಸಿ ಒಂದೇ ಬೆಕ್ಕು ಮಾಡಿದ. ಅದು ಗುಡ್ಡ ಇಳಿದು ಬಂದಾಗ ಮರಗಳ ಎಲೆ ಸುರುಟಿಕೊಂಡವು. ಅದು ಹಾರಲಿಲ್ಲ. ಚಾಪೆಯ ಮುಂದೆ ಬಂದು ಕೂತು ಉಸಿರು ಬಿಟ್ಟಿತು. ಒಂದೇ ಉಸಿರಿಗೆ ಚಾಪೆಯ ನೀರು ಆರಿ ಬೇರು ಚಟಚಟ ಅಂದಿತು.

ಸಣ್ಣೀರಿ ಏಣಿ ಇಳಿದು, ಕೊಳದಿಂದ ಕೊಡ ತುಂಬಿ, ಏಣಿ ಹತ್ತಿ ಸುರಿದಳು. ಬೆಕ್ಕು ಉಸಿರು ಬಿಟ್ಟಿತು, ಚಾಪೆ ಒಣಗಿತು. ಮತ್ತೆ ಇಳಿದಳು, ಮತ್ತೆ ತುಂಬಿದಳು, ಮತ್ತೆ ಹತ್ತಿದಳು. ಹತ್ತು ಕೊಡ ಆಯಿತು, ಇಪ್ಪತ್ತು ಕೊಡ ಆಯಿತು. ಆಮೇಲೆ ಲೆಕ್ಕ ಇಡುವುದಕ್ಕೂ ಅವಳಿಂದ ಆಗಲಿಲ್ಲ.

"ಸಣ್ಣಿ," ಎಂದು ಚಾಪೆಯ ಒಳಗಡೆಯಿಂದ ದುಗ್ಗಮ್ಮ ಕರೆದಳು. "ಕಾಲು ನಡುಗ್ತಾ ಅದೆ ಅಲ್ವಾ ನಿಂದು? ಏಣಿ ಸದ್ದು ಮಾಡ್ತಾ ಅದೆ."

"ಇಲ್ಲ ಅಕ್ಕ."

"ಸುಳ್ಳು ಹೇಳಬ್ಯಾಡ. ಊರೋರ್ನ ಕರಿ."

"ಊರೋರು ಬರಕಿಲ್ಲ ಅಕ್ಕ. ಊರೋರು ಮಲಗವ್ರೆ."

ಅದು ನಿಜವಾಗಿತ್ತು. ಬೆಕ್ಕುಗಳೆಲ್ಲ ಒಂದೇ ಕಡೆ ಸೇರಿದ್ದರಿಂದ ಆ ಮಧ್ಯಾಹ್ನ ಊರಿನಲ್ಲಿ ಒಂದು ಬೆಕ್ಕೂ ಉಳಿದಿರಲಿಲ್ಲ. ಏಳು ವರ್ಷದ ಮೇಲೆ ಗೋಡೆಗಳು ತಣ್ಣಗಾಗಿದ್ದವು. ಅಗಸ ಕಲ್ಲಿನ ಮೇಲೆ ಒರಗಿದವನು ಏಳಲಿಲ್ಲ. ಕಾವಲುಗಾರ ಈಟಿ ಹಿಡಿದೇ ಕಣ್ಣು ಮುಚ್ಚಿದ. ಅರಸ ಹಜಾರದ ಮೆಟ್ಟಿಲ ಮೇಲೆ ಕಿರೀಟವನ್ನೇ ತಲೆದಿಂಬು ಮಾಡಿಕೊಂಡು ಮಲಗಿದ. ಅವರನ್ನು ಬೈಯಲು ನನಗೆ ಮನಸ್ಸಾಗುವುದಿಲ್ಲ. ನಾನಾಗಿದ್ದರೂ ಮಲಗುತ್ತಿದ್ದೆ. ಝಳಕಾಂತನಿಗೂ ಅದು ಗೊತ್ತಿತ್ತು. ಒಂದು ಮಧ್ಯಾಹ್ನದ ನಿದ್ದೆಯನ್ನು ಊರಿಗೆ ಬಿಟ್ಟುಕೊಟ್ಟು, ಮುಂದಿನ ಸಾವಿರ ವರ್ಷದ ನಿದ್ದೆಯನ್ನು ಅವನು ಕಿತ್ತುಕೊಳ್ಳುವವನಿದ್ದ.

ಎಚ್ಚರವಾಗಿದ್ದವಳು ಒಬ್ಬಳೇ, ತಿಬ್ಬಜ್ಜಿ. ಹನ್ನೊಂದು ದಿನ ಗಡದ್ದಾಗಿ ಮಲಗೆದ್ದವಳಿಗೆ ಆ ಒಂದು ಮಧ್ಯಾಹ್ನದ ಆಸೆ ಇರಲಿಲ್ಲ. ಅವಳು ಕೊಡ ಹಿಡಿದುಕೊಂಡು ಅರಮನೆಗೆ ಬಂದಳು. ಏಣಿಯ ಮೇಲೆ ತೂಗಾಡುತ್ತಿದ್ದ ಸಣ್ಣೀರಿಯನ್ನು ನೋಡಿದಳು. ಒಂದು ಕೊಡ ಸುರಿದಳು. ಇಬ್ಬರಿಂದಲೂ ಆಗುವ ಕೆಲಸವಲ್ಲವೆಂದು ಅರ್ಥವಾಯಿತು. ಕೊಡವನ್ನು ಅಲ್ಲೇ ಇಟ್ಟು, ಬೀದಿಗೆ ಹೋಗಿ ಮನೆಮನೆಯ ಕದ ಬಡಿದಳು.

"ನನ್ ಗಂಡ ಸತ್ತಾಗ ಮಲಗಿದ್ದೆ ಅಂತ ಆಡ್ಕೊಂಡ್ರಲ್ಲ. ಹೌದು, ಮಲಗಿದ್ದೆ. ಆ ಹುಡುಗಿ ಚಾಪೆ ಕೆಳಗೆ ಮಲಗಿದ್ದೆ," ಎಂದು ಪ್ರತಿ ಮನೆಯ ಮುಂದೂ ಅದನ್ನೇ ಹೇಳಿದಳು. "ಹನ್ನೊಂದು ದಿನ ನಮ್ ಮನೇಲಿ ಇನ್ನೊಬ್ರು ಸಾಯ್ಲಿಲ್ಲ. ಇವತ್ತು ಆ ಬೆಕ್ಕು ಒಳೀಕೆ ಹೋದ್ರೆ ನಿಮಗೆ ಇದೇ ಕೊನೇ ನಿದ್ದೆ. ಏಳಿ."

ಮೊದಲನೆಯ ಮನೆಯವರು ಏಳಲಿಲ್ಲ. ಎರಡನೆಯ ಮನೆಯವರು ಬೈದರು. ಮೂರನೆಯ ಮನೆಯಿಂದ ಅಗಸನ ಹೆಂಡತಿ ಎದ್ದು ಬಂದಳು. ಕಣ್ಣು ಅರ್ಧ ಮುಚ್ಚಿತ್ತು, ಸೊಂಟದ ಮೇಲೆ ಕೊಡವಿತ್ತು. ದಾರಿಯಲ್ಲಿ ಅವಳು ಅಲುಗಿಸಿದ್ದಕ್ಕೆ ಕಲ್ಲಿಗೆ ಒರಗಿದ್ದ ಗಂಡ ಎದ್ದ. ಅವನ ಹಿಂದೆ ಕುಂಬಾರ ಎದ್ದ. ಆಮೇಲೆ ಒಬ್ಬರ ಹಿಂದೆ ಒಬ್ಬರು, ಬೀದಿಬೀದಿಯವರು ಎದ್ದರು. ಏಳು ವರ್ಷ ಕಾದು ಸಿಕ್ಕಿದ ನಿದ್ದೆಯನ್ನು ಅರ್ಧಕ್ಕೆ ಬಿಟ್ಟು ಬರುವುದು ಎಷ್ಟು ಕಷ್ಟವೆಂದು ಹೇಳಲು ನನ್ನಲ್ಲಿ ಮಾತಿಲ್ಲ. ಕೆಲವರು ನಡೆಯುತ್ತಲೇ ಅಳುತ್ತಿದ್ದರು.

ಕೊಳದಿಂದ ಏಣಿಯವರೆಗೆ ಸಾಲು ನಿಂತಿತು. ಸಾವಿನ ಚಾಪೆ ಎಂದು ದೂರ ನಿಲ್ಲುತ್ತಿದ್ದವರೇ ಕೈ ಚಾಚಿ ಚಾಪೆಯ ಅಂಚು ಹಿಡಿದರು, ಕೊಡ ಎತ್ತಿ ಸುರಿದರು. ಸಾಲಿನ ಕೊನೆಯವನು ಎಡವಿದ್ದು ಅರಸನ ಕಾಲಿಗೆ. ಅರಸ ಎದ್ದು, ಏನು ಎತ್ತ ಎಂದು ಕೇಳದೆ, ಸಾಲಿನಲ್ಲಿ ನಿಂತು ಕೊಡ ಈಸಿಕೊಂಡು ದಾಟಿಸತೊಡಗಿದ.

ಬೆಕ್ಕು ಉಸಿರು ಬಿಟ್ಟಿತು, ಚಾಪೆ ಒಣಗಲಿಲ್ಲ. ಮತ್ತೊಮ್ಮೆ ಬಿಟ್ಟಿತು, ಆಗಲೂ ಒಣಗಲಿಲ್ಲ. ಮೂರನೆಯ ಸಲ ಸಿಟ್ಟಿನಿಂದ ಹಾರಿ ಚಾಪೆಗೆ ಅಪ್ಪಳಿಸಿತು. ಒದ್ದೆ ಬೇರು ಅದರ ಮೈಗೆ ಮೆತ್ತಿಕೊಂಡಿತು. ಕೊಡಕೊಡ ನೀರು ಬಿದ್ದಂತೆಲ್ಲ ಅದು ಆನೆಯಷ್ಟಿದ್ದದ್ದು ಎಮ್ಮೆಯಷ್ಟಾಯಿತು, ಎಮ್ಮೆಯಷ್ಟಿದ್ದದ್ದು ನಾಯಿಯಷ್ಟಾಯಿತು, ಕೊನೆಗೆ ಅಂಗೈಯಗಲದ ಮರಿಯಾಗಿ ಗುಡ್ಡದ ಕಡೆ ಓಡಿತು. ಹೊತ್ತು ಮುಳುಗಿತು.

ಮರಿ ಕೋಟೆ ಸೇರಿದಾಗ ಅದರ ಹೊಟ್ಟೆಯಲ್ಲಿ ಒಂದು ಹನಿ ನಿದ್ದೆಯೂ ಇರಲಿಲ್ಲ. ಝಳಕಾಂತ ಅದನ್ನು ಹಿಂಡಿ ನೋಡಿದ. ಆಮೇಲೆ, ಸಾವಿರ ವರ್ಷಗಳಲ್ಲಿ ಮೊದಲ ಸಲ, ಆಕಳಿಸಿದ. ಆ ಒಂದು ಆಕಳಿಕೆಯಲ್ಲಿ ಅವನ ಸಾವಿರ ವರ್ಷದ ದಣಿವೂ ಬಂದುಬಿಟ್ಟಿತು. ಕೂತಲ್ಲೇ ಕೂತು, ಕೂತಲ್ಲೇ ಕುಸಿದು, ಅವನು ಒಂದು ಬೊಗಸೆ ಮರಳಾದ. ಕೋಟೆಯ ಗಾಜುಗಳು ಮಂಕಾದವು. ಮಂಕಾದ ಗಾಜಿಗೆ ಜೊಂಪು ಹತ್ತಿತು. ಜೊಂಪು ಹತ್ತಿದ ಗಾಜು ಮನುಷ್ಯರಾಗಿ ಚೌಕಟ್ಟಿನಿಂದ ಇಳಿದು, ಗುಡ್ಡದ ಹುಲ್ಲಿನ ಮೇಲೆ ಅಲ್ಲಲ್ಲೇ ಮಲಗಿತು.

ಹಜಾರದಲ್ಲಿ ದುಗ್ಗಮ್ಮನ ಗಾಜು ಗಲ್ಲದವರೆಗೆ ಬಂದು ನಿಂತಿತ್ತು. ಅವಳು ಚಾಪೆಯ ಕಡೆ ಮುಖ ತಿರುಗಿಸಿ, "ಸಣ್ಣಿ, ಮಳೆ ವಾಸ್ನೆ ಬತ್ತಾ ಅದೆ," ಎಂದಳು. ಹಾಗೆಂದವಳೇ ಕಣ್ಣು ಮುಚ್ಚಿದಳು.

ಊರಿಗೆ ಊರೇ ಮಲಗಿತು. ಸಾಲಿನಲ್ಲಿ ನಿಂತವರು ನಿಂತ ಜಾಗದಲ್ಲೇ ಕೊಡ ತಬ್ಬಿಕೊಂಡು ಮಲಗಿದರು. ಮೂರು ದಿನ ಸಿರಿವೊಳಲಿನಲ್ಲಿ ಒಲೆ ಹೊತ್ತಲಿಲ್ಲ, ಗಂಟೆ ಮೊಳಗಲಿಲ್ಲ. ಸಣ್ಣೀರಿ ಮಾತ್ರ ಮಲಗಲಿಲ್ಲ. ಬೆಕ್ಕು ಹೋಯಿತೆಂದು ಎಲ್ಲರಿಗೂ ನಂಬಿಕೆ ಬಂದಿತ್ತು, ಅವಳಿಗೆ ಬಂದಿರಲಿಲ್ಲ. ಎಲ್ಲಿ ಚಾಪೆ ಒಣಗಿಬಿಡುತ್ತದೋ, ಎಲ್ಲಿ ಅಕ್ಕನಿಗೆ ಎಚ್ಚರವಾಗಿಬಿಡುತ್ತದೋ ಎಂದು ಹೊತ್ತುಹೊತ್ತಿಗೆ ಏಣಿ ಹತ್ತಿ ನೀರು ಚಿಮುಕಿಸುತ್ತಲೇ ಇದ್ದಳು. ತಿಬ್ಬಜ್ಜಿ ಸಾಕು ಬಾರೇ ಎಂದು ಎರಡು ಸಲ ಕರೆದು ತಾನೂ ಮಲಗಿದಳು.

ಮೂರನೆಯ ದಿನ ಮಧ್ಯಾಹ್ನ ಸಣ್ಣೀರಿ ಕೊಡ ಎತ್ತಲು ಹೋದರೆ ಕೊಡ ಮೇಲೇಳಲಿಲ್ಲ. ಅವಳ ಕೈಯ ಮೇಲೆ ಇನ್ನೊಂದು ಕೈ ಇತ್ತು. ಅವಳು ಆ ಬೆರಳುಗಳನ್ನು ಹಿಡಿದು ಬೆಳಕಿಗೆ ಎತ್ತಿ ನೋಡಿದಳು. ಬೆಳಕು ದಾಟಲಿಲ್ಲ. ಬಿದಿರ ಸಿಬಿರು ಚುಚ್ಚಿದ ಹಳೆಯ ಗಾಯಗಳಿದ್ದ ಕಪ್ಪು ಬೆರಳು, ಬೆಚ್ಚಗಿತ್ತು.

"ಇಲ್ಲಿ ಕೊಡು ಕೊಡನ," ಎಂದಳು ದುಗ್ಗಮ್ಮ. "ನಾನು ಹಾಕ್ತೀನಿ ನೀರ. ನೀ ಮಲಕೋ."

ಆಗ ಸಣ್ಣೀರಿಗೆ ಅಳು ಬಂತು. ಏಳು ವರ್ಷದ ಅಳು. ಅತ್ತು ಮುಗಿಸುವ ಮುಂಚೆಯೇ ಅಕ್ಕನ ತೊಡೆಯ ಮೇಲೆ ನಿದ್ದೆ ಹೋದಳು.

ಅವಳು ಏಳುವ ಹೊತ್ತಿಗೆ ಊರಿನ ಕಿಟಕಿಗಳಿಗೆಲ್ಲ ಹೊರಗಡೆಯಿಂದ ಚಾಪೆ ಬಿದ್ದಿತ್ತು, ಆ ಮನೆಗಳಲ್ಲಿ ಯಾರೂ ಸತ್ತಿರಲಿಲ್ಲ. ಸಿರಿವೊಳಲಿನವರು ಹೊಟ್ಟೆ ತುಂಬ ಉಂಡು, ಕಣ್ಣು ತುಂಬ ಮಲಗಿ, ಅತ್ತೆಸೊಸೆಯರು ಮೊದಲಿನಂತೆ ಜಗಳವಾಡಿಕೊಂಡು, ಬಹುಕಾಲ ಚೆನ್ನಾಗಿ ಬಾಳಿದರು. ದುಗ್ಗಮ್ಮ ಆ ದಿನ ಇಳಿಹೊತ್ತಿನವರೆಗೂ ತಂಗಿಯ ತಲೆಯನ್ನು ತೊಡೆಯ ಮೇಲಿಂದ ಇಳಿಸಲಿಲ್ಲ. ಕಾಲು ಜೋಮು ಹಿಡಿದರೂ ಹಾಗೇ ಕೂತಿದ್ದಳು.